ಇರಾನಿನ ಎಣ್ಣೆ ದುಡ್ಡು, ಕುದುರೆಮುಖದ ಗುಡ್ಡ

ಕುದುರೆಮುಖದ ಕಬ್ಬಿಣದ ಗಣಿ ಅಂದ್ರೆ ಎಲ್ರಿಗೂ ಅದು 2005ರಲ್ಲಿ ಬಂದ್ ಆಗಿದ್ದು ನೆನಪಾಗುತ್ತೆ, ಶುರುವಾಗಿದ್ದು ಹೇಗೆ ಅಂತ ಕೇಳೋರು ಕಡಿಮೆ. ಅದರ ಬೇರು ಇರೋದು ಪೆಟ್ರೋಲಲ್ಲಿ. 1973ರಲ್ಲಿ ಅರಬ್ ದೇಶಗಳು ತೈಲ ಬಿಗಿ ಮಾಡಿದ್ವಲ್ಲ, ಕೆಲವೇ ತಿಂಗಳಲ್ಲಿ ರೇಟು ಹೆಚ್ಚೂಕಮ್ಮಿ ನಾಲ್ಕು ಪಟ್ಟಾಯ್ತು, ಇಲ್ಲಿ ನಮ್ಗೆ ಡಾಲರಿಗೆ ಬರಗಾಲ, ಅಲ್ಲಿ ಇರಾನಿನ ದೊರೆ ಷಾ ಹತ್ರ ದುಡ್ಡೋ ದುಡ್ಡು, ಅವರು ಸ್ಟೀಲ್ ಫ್ಯಾಕ್ಟರಿ ಕಟ್ಬೇಕು ಅಂತಿದ್ರು, ಅದಕ್ಕೆ ಅದಿರು ಬೇಕಿತ್ತು. 1975ರಲ್ಲಿ ಒಪ್ಪಂದ ಆಯ್ತು: ಅವರದು 63 ಕೋಟಿ ಡಾಲರ್ ಸಾಲ, ನಮ್ಮದು ಅದಿರು. ಮುಂದಿನ ವರ್ಷವೇ ಗಣಿ ನಡೆಸೋಕೆ ಕೇಂದ್ರ ಸರ್ಕಾರದ ಕೆಐಒಸಿಎಲ್ (ಕುದುರೆಮುಖ ಐರನ್ ಓರ್ ಕಂಪನಿ) ಹುಟ್ಟಿತು.

ಜಾಗ ಯಾವ್ದು? ಭದ್ರೆ ಹುಟ್ಟಿ ಹರಿಯೋ ಶೋಲಾ ಕಾಡು (ಹುಲ್ಲುಗುಡ್ಡಗಳ ನಡುವಿನ ಕಣಿವೆ ಕಾಡು), ಮಳೆ ಹಿಡಿದ್ರೆ ತಿಂಗಳುಗಟ್ಟಲೆ ಬಿಡದ ಜಾಗ. ಅಲ್ಲಿನ ಕಲ್ಲಲ್ಲಿ ಕಬ್ಬಿಣ ಶೇ. 38ರ ಆಸುಪಾಸು ಅಷ್ಟೇ, ಅದನ್ನ ಹಿಟ್ಟಿನ ಹಾಗೆ ಅರೆದು ಶೇ. 67ಕ್ಕೆ ತರ್ಬೇಕು, ಅರೆಯೋಕೆ ರಾಶಿ ಕರೆಂಟು, ತೊಳೆಯೋಕೆ ರಾಶಿ ನೀರು. ಆ ಪುಡೀನ ನೀರಲ್ಲಿ ಕಲಸಿ 67 ಕಿ.ಮೀ. ಪೈಪಲ್ಲಿ ಘಟ್ಟ ಇಳಿಸಿ ಮಂಗಳೂರು ಬಂದರಿಗೆ ಕಳಿಸ್ತಿದ್ರು. ಉಳಿದ ಹೂಳೆಲ್ಲ ಸುಮಾರು 100 ಮೀಟರ್ ಎತ್ತರದ ಲಕ್ಯಾ ಡ್ಯಾಮಿನ ಹಿಂದೆ. ಅದಿರು ಹಡಗು ಹತ್ತಿ ಹೋಯ್ತು, ಹೂಳು ಇವತ್ತಿಗೂ ಅಲ್ಲೇ ಇದೆ. ಟನ್ನಿಗೆ ಇಷ್ಟು ಅಂತ ರೇಟು ಕಟ್ಟುವಾಗ ಈ ಹೂಳನ್ನ, ಭದ್ರೆಗೆ ಇಳಿದ ಕೆಸರನ್ನ ಯಾರೂ ಲೆಕ್ಕಕ್ಕೆ ಹಿಡೀಲಿಲ್ಲ, ನನಗೆ ಸಂಕಟ ಆಗೋದು ಇಲ್ಲೇ.

1979ರಲ್ಲಿ ಇರಾನಲ್ಲಿ ಕ್ರಾಂತಿ, ಷಾ ದೇಶ ಬಿಟ್ರು. ಗಣಿ ರೆಡಿ, ಕೊಳ್ಳೋರೇ ಇಲ್ಲ! ಅಷ್ಟು ಸುರಿದ ಮೇಲೆ ಬಿಡೋಕಾಗುತ್ತಾ, ಬೇರೆ ದೇಶದ ಗಿರಾಕಿಗಳನ್ನ ಹುಡುಕಿದ್ರು, ಅಗೆಯೋದು ನಡೀತಾನೇ ಹೋಯ್ತು. ಪರಿಸರದವರು ಕೋರ್ಟಿಗೆ ಹೋಗಿ, 2002ರಲ್ಲಿ ಸುಪ್ರೀಂ ಕೋರ್ಟ್ 2005ರ ಕೊನೆಗೆ ನಿಲ್ಲಿಸಿ ಅಂತು.

ಕುದುರೆಮುಖ ನಿಲ್ತು, ಬೇಡಿಕೆ ನಿಲ್ಲಲಿಲ್ಲ. ಅದೇ ಹೊತ್ತಿಗೆ ಚೀನಾದಲ್ಲಿ ಒಲಿಂಪಿಕ್ಸ್‌ಗೆ ಮುಂಚಿನ ಕಟ್ಟಡದ ಭರಾಟೆ, ಅದಿರಿನ ರೇಟು ಏರಿದ್ದೇ ತಡ ಬಳ್ಳಾರಿ, ಸಂಡೂರು, ಹೊಸಪೇಟೆ ರೋಡಲ್ಲೆಲ್ಲ ಕೆಂಪು ಧೂಳೆಬ್ಬಿಸೋ ಲಾರಿಗಳು, ಬೇಲೆಕೇರಿ ಬಂದರಲ್ಲಿ ಅದಿರಿನ ಗುಡ್ಡ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಗೂ ತಡೆ ಹಾಕ್ತು.

ಈಗ ಅದೇ ಕೆಐಒಸಿಎಲ್ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಕೇಳ್ತಿದೆ. ಅಲ್ಲಿ ಕಡೀಬೇಕಾದ ಮರ ಸುಮಾರು 99 ಸಾವಿರ. 2024ರಲ್ಲಿ ಕೇಂದ್ರದ ಉಕ್ಕು ಸಚಿವರು ಅದರ ಫೈಲಿಗೆ ಸಹಿ ಹಾಕಿದ್ರು, ಅರಣ್ಯ ಜಮೀನು ಬಿಟ್ಟುಕೊಡಬೇಡಿ ಅಂತ ರಾಜ್ಯದ ಅರಣ್ಯ ಸಚಿವರು ಅಧಿಕಾರಿಗಳಿಗೆ ಹೇಳಿದ್ರು.