ಹಿಪ್ಪೋ ಸಿಗ್ನಲಿಂಗ್ ಅಂದರೇನು?

ಜೀವಕೋಶಗಳಿಗೆ 'ಇನ್ನು ಸಾಕು, ನಿಲ್ಲಿ' ಎಂದು ಹೇಳುವ ಪ್ರೊಟೀನುಗಳ ಸಾಲಿಗೆ ಹಿಪ್ಪೋ ಸಿಗ್ನಲಿಂಗ್ ಎನ್ನುತ್ತಾರೆ. ಇದು ಮೊದಲು ಗೊತ್ತಾದದ್ದು ಹಣ್ಣುನೊಣದಲ್ಲಿ. ಬಾಳೆಹಣ್ಣು ಜಾಸ್ತಿ ಮಾಗಿದರೆ ಅಡುಗೆಮನೆಯಲ್ಲಿ ಮುತ್ತಿಕೊಳ್ಳುತ್ತವಲ್ಲ, ಆ ಗುಂಪಿನ ಪುಟ್ಟ ನೊಣ. (ಮಾವಿನೊಳಗೆ ಹುಳ ಬಿಡುವ ನೊಣದ ಕುಲವೇ ಬೇರೆ.) ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲೂ ಇವನ್ನು ಸಾಕುತ್ತಾರೆ. ಆ ಸಂಸ್ಥೆ ಕಟ್ಟಿದ ಒಬೈದ್ ಸಿದ್ದಿಕಿ ಇದೇ ನೊಣಕ್ಕೆ ವಾಸನೆ ಹೇಗೆ ತಿಳಿಯುತ್ತದೆ ಎಂದು ಹುಡುಕಿದವರು.

ನೊಣದ ರೆಕ್ಕೆಯನ್ನೇ ನೋಡಿ. ಮೊಟ್ಟೆಯಿಂದ ಹೊರಬಂದ ಹುಳುವಿನ ಮೈಯೊಳಗೆ ಮುಂದೆ ರೆಕ್ಕೆಯಾಗುವ ಪುಟ್ಟ ಚೀಲ ಇರುತ್ತದೆ. ಶುರುವಿನಲ್ಲಿ ಅದರಲ್ಲಿ ಕೆಲವೇ ಡಜನ್ ಕೋಶ. ಸುಮಾರು 4 ದಿನದಲ್ಲಿ ಅವು ಹತ್ತಾರು ಸಾವಿರ ಆಗುತ್ತವೆ. ಆಮೇಲೆ ನಿಲ್ಲುತ್ತವೆ. ಎಡ ರೆಕ್ಕೆ, ಬಲ ರೆಕ್ಕೆ ಎರಡೂ ಸರಿಸಮ. ನನ್ನನ್ನು ಕೇಳಿದರೆ, ಬೆಳೆಯುವುದಕ್ಕಿಂತ ಹೀಗೆ ನಿಲ್ಲುವುದೇ ದೊಡ್ಡ ಸೋಜಿಗ.

ಬೆಳೆಸುವ ಪ್ರೊಟೀನಿನ ಹೆಸರು ಯಾರ್ಕಿ. ಅದು ನ್ಯೂಕ್ಲಿಯಸ್‌ ಒಳಗೆ ಹೋಗಿ, ಸ್ಕ್ಯಾಲಪ್ಡ್ ಎಂಬ ಇನ್ನೊಂದರ ಜೊತೆ ಸೇರಿ ಕೆಲವು ಜೀನುಗಳನ್ನು ಚಾಲೂ ಮಾಡುತ್ತದೆ. ಅವುಗಳಲ್ಲಿ ಸೈಕ್ಲಿನ್ ಇ ಕೋಶ ಎರಡಾಗುವಂತೆ ಮಾಡುತ್ತದೆ. ಡಯಾಪ್1 ಕೋಶ ಸಾಯದಂತೆ ಕಾಯುತ್ತದೆ. ಹುಟ್ಟೂ ಜಾಸ್ತಿ, ಸಾವೂ ಕಡಿಮೆ. ಇದನ್ನು ಸುಮ್ನೆ ಬಿಟ್ಟರೆ ಕಷ್ಟ, ಅಲ್ವಾ?

ಅದಕ್ಕೇ ಬ್ರೇಕ್ ಬೇಕು. ಹಿಪ್ಪೋ ಎಂಬ ಪ್ರೊಟೀನು ಹೋಗಿ ವಾರ್ಟ್ಸ್ ಎಂಬ ಇನ್ನೊಂದು ಪ್ರೊಟೀನಿಗೆ ಫಾಸ್ಫೇಟ್ ಎಂಬ ಪುಟ್ಟ ರಾಸಾಯನಿಕ ತುಣುಕನ್ನು ಅಂಟಿಸುತ್ತದೆ. ಅದರಿಂದ ಚುರುಕಾದ ವಾರ್ಟ್ಸ್ ಯಾರ್ಕಿಗೆ ಫಾಸ್ಫೇಟ್ ಅಂಟಿಸುತ್ತದೆ. ಫಾಸ್ಫೇಟ್ ಹತ್ತಿದ ಯಾರ್ಕಿಯನ್ನು 14-3-3 ಎಂಬ ಪ್ರೊಟೀನು ಹಿಡಿದು ನ್ಯೂಕ್ಲಿಯಸ್‌ನ ಹೊರಗೇ ಇಟ್ಟುಕೊಳ್ಳುತ್ತದೆ. ಒಳಗೆ ಹೋಗದಿದ್ದರೆ ಜೀನು ಚಾಲೂ ಆಗಲ್ಲ. ಬ್ರೇಕ್ ಯಾವಾಗ ಒತ್ತಬೇಕು ಎಂಬ ಸುದ್ದಿ ಹಲವು ಕಡೆಯಿಂದ ಬರುತ್ತದೆ. ಅಕ್ಕಪಕ್ಕದ ಕೋಶಗಳ ಮೈಮೇಲೆ ಫ್ಯಾಟ್, ಡ್ಯಾಕ್ಸಸ್ ಎಂಬ ಪ್ರೊಟೀನುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಆ ಹಿಡಿತವೂ ಒಂದು ಸುದ್ದಿಯೇ. ಕೋಶಗಳ ನಡುವಿನ ಎಳೆತವೂ ಲೆಕ್ಕಕ್ಕೆ ಬರುತ್ತದೆ. ಗಾಯವಾದ ಕಡೆ ಯಾರ್ಕಿ ಮತ್ತೆ ಚುರುಕಾಗುತ್ತದೆ, ಹೋದ ಭಾಗ ತುಂಬಿಕೊಳ್ಳಲಿ ಅಂತ.

ವಾರ್ಟ್ಸ್ ಜೀನು ಸಿಕ್ಕಿದ್ದು 1995ರಲ್ಲಿ, ಹಿಪ್ಪೋ 2003ರಲ್ಲಿ, ಯಾರ್ಕಿ 2005ರಲ್ಲಿ. ತಲೆಯ ಕೋಶಗಳಲ್ಲಿ ಹಿಪ್ಪೋ ಜೀನನ್ನು ಕೆಡಿಸಿದರೆ ನೊಣದ ತಲೆ ಊದಿ, ಕಪ್ಪಾಗಿ, ಮಡಿಕೆ ಮಡಿಕೆಯಾಗುತ್ತದೆ, ನೀರಾನೆಯ ಮುಖದ ಹಾಗೆ. ಹೆಸರು ಬಂದದ್ದು ಅಲ್ಲಿಂದ.

ಇದೇ ಸಾಲು ನಮ್ಮ ಮೈಯಲ್ಲೂ ಇದೆ. ಯಾರ್ಕಿಯ ಜಾಗದಲ್ಲಿ ನಮಗೆ ಯಾಪ್. ಮನುಷ್ಯರ ಯಾಪ್ ಅನ್ನು ನೊಣದಲ್ಲಿ ಹಾಕಿದರೆ ಯಾರ್ಕಿಯ ಕೆಲಸವನ್ನು ಅದೇ ಮಾಡುತ್ತದೆ. 2007ರಲ್ಲಿ ಇಲಿಯ ಲಿವರ್‌ನಲ್ಲಿ ಯಾಪ್ ಜಾಸ್ತಿ ಮಾಡಿ ನೋಡಿದರು. ಲಿವರ್ ಸುಮಾರು 4 ಪಟ್ಟು ದೊಡ್ಡದಾಯಿತು. ನಿಲ್ಲಿಸಿದಾಗ ಹೆಚ್ಚುಕಡಿಮೆ ಮೊದಲಿನ ಅಳತೆಗೇ ಇಳಿಯಿತು. ನಿಲ್ಲಿಸದೆ ಬಿಟ್ಟ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆಗಳು ಎದ್ದವು.