ಚಿರೆಕಲ್ಲಿನ ಮೇಲೆ ಕಾರು ನಿಲ್ಲಿಸಿ ಕೆಳಗೆ ಹೋಗಬಹುದೇ?

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ, ಸಡಾ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಹಳೆಯ ವ್ಯಾಗನ್ ಆರ್ ಇದೆ. ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿ, ಇಂಜಿನ್ ಆಯಿಲನ್ನೂ ನಾನೇ ಇಳಿಸಬೇಕೆಂದಿದ್ದೇನೆ. ಕಾರಿನ ಜೊತೆ ಬಂದ ಜಾಕ್ ಇದೆ. ಮನೆ ಕಟ್ಟಿ ಉಳಿದ ಚಿರೆಕಲ್ಲುಗಳು (ಕೆಂಪು ಜಂಬಿಟ್ಟಿಗೆ ಕಲ್ಲು) ಅಂಗಳದಲ್ಲಿ ಬಿದ್ದಿವೆ. ಜಾಕ್ ಏರಿಸಿ, ಕಲ್ಲು ಕೊಟ್ಟು, ಕೆಳಗೆ ಮಲಗಿ ಕೆಲಸ ಮಾಡಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬ್ರೇಕ್ ಪ್ಯಾಡ್ ಬದಲಿಸಲು ಕಾರಿನ ಕೆಳಗೆ ಹೋಗುವ ಅಗತ್ಯವೇ ಇಲ್ಲ, ಗಾಲಿ ಬಿಚ್ಚಿ ಪಕ್ಕದಲ್ಲಿ ಕೂತು ಮಾಡಬಹುದು. ಆಯಿಲ್ ಇಳಿಸಲು ಮಾತ್ರ ಕೆಳಗೆ ತೂರಬೇಕು. ಅದಕ್ಕೆ ನಿಮ್ಮ ಜಾಕೂ ಸಾಲದು, ಕಲ್ಲೂ ಸಾಲದು.

ವ್ಯಾಗನ್ ಆರ್ ಸಣ್ಣ ಕಾರು ನಿಜ, ಆದರೂ 800 ಕಿಲೋಗಿಂತ ಹೆಚ್ಚು ತೂಗುತ್ತದೆ. ಇಂಜಿನ್ ಮುಂದಿರುವುದರಿಂದ ಅರ್ಧಕ್ಕೂ ಹೆಚ್ಚು ಭಾರ ಮುಂದಿನ ಗಾಲಿಗಳ ಮೇಲೇ ಇರುತ್ತದೆ. ಕಾರಿನ ಜೊತೆ ಬರುವ ಕತ್ತರಿ ಜಾಕ್‌ನ ಪಾದ ಅಂಗೈಯಗಲದ್ದು. ಸ್ಟೆಪ್ನಿ ಹಾಕುವಷ್ಟು ಹೊತ್ತು ಕಾರನ್ನು ಎತ್ತಿ ಹಿಡಿಯಲು ಮಾಡಿದ್ದು ಅದು. ಕಾರು ಒಂದಿಷ್ಟು ಹಿಂದೆಮುಂದೆ ಸರಿದರೂ ಜಾಕ್ ಓರೆಯಾಗಿ ಮಗುಚುತ್ತದೆ. ಹೈಡ್ರಾಲಿಕ್ ಜಾಕ್ ಬಲವಾದದ್ದೇ, ಆದರೆ ಅದರೊಳಗಿನ ಒಂದು ರಬ್ಬರ್ ಸೀಲ್ ಸೋತರೆ ಎಣ್ಣೆಯ ಒತ್ತಡ ಇಳಿದು ಕಾರು ಕೆಳಗೆ ಬರುತ್ತದೆ. ಯಾವ ಜಾಕ್ ಆದರೂ ಎತ್ತುವುದಕ್ಕೆ ಮಾತ್ರ. ಹೊತ್ತು ನಿಲ್ಲುವುದಕ್ಕೆ ಬೇರೆಯದೇ ಬೇಕು.

ಚಿರೆಕಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗೋವಾದಲ್ಲಿ ಎಲ್ಲರ ಕೈಗೂ ಮೊದಲು ಸಿಗುವುದು ಅದೇ. ‘ಇಡೀ ಮನೆ ಹೊರುವ ಕಲ್ಲು ಒಂದು ಕಾರು ಹೊರಲಾರದೇ’ ಎಂದು ಕೇಳುತ್ತಾರೆ. ಗೋಡೆಯಲ್ಲಿ ಭಾರ ಕಲ್ಲಿನ ಮೈತುಂಬ ಹಂಚಿಹೋಗುತ್ತದೆ, ಸುತ್ತಲಿನ ಕಲ್ಲುಗಳೂ ಆಸರೆ ಕೊಡುತ್ತವೆ. ಕಾರಿನ ಕೆಳಗೆ ಹಾಗಿಲ್ಲ. ಬಾಗಿಲಡಿಯ ತಗಡಿನ ಅಂಚು ಬೆರಳಗಲವೂ ಇರುವುದಿಲ್ಲ, ಅಷ್ಟೂ ಭಾರ ಆ ಒಂದು ಗೆರೆಯ ಮೇಲೆ ಕೂರುತ್ತದೆ. ಈ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಣಗುತ್ತ ಗಟ್ಟಿಯಾಗುತ್ತದೆ. ಮೈಯೆಲ್ಲ ತೂತು, ಮಳೆಗೆ ನೀರು ಕುಡಿಯುತ್ತದೆ. ಒಳಗೆ ಎಲ್ಲಿ ಪೊಳ್ಳಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಸಿಮೆಂಟಿನ ಹಾಲೋ ಬ್ಲಾಕ್ ಇನ್ನೂ ಕೆಟ್ಟದ್ದು, ಒಂದು ಬಿರುಕು ಬಿಟ್ಟ ಕ್ಷಣದಲ್ಲೇ ಇಡಿಯಾಗಿ ಪುಡಿಯಾಗುತ್ತದೆ. ಸರಿದುಕೊಳ್ಳಲು ಸಮಯ ಕೊಡುವುದಿಲ್ಲ.

ಬೇಕಾದದ್ದು ಒಂದು ಜೊತೆ ಜಾಕ್ ಸ್ಟ್ಯಾಂಡ್. ಮೂರು ಅಥವಾ ನಾಲ್ಕು ಕಾಲಿನ, ಎತ್ತರ ಹೊಂದಿಸಬಹುದಾದ ಉಕ್ಕಿನ ಸ್ಟ್ಯಾಂಡ್. ಬರೆದಿರುವ ಟನ್ ಲೆಕ್ಕ ಒಂದಕ್ಕೋ ಜೋಡಿಗೋ ಎಂಬುದನ್ನು ಓದಿ ನೋಡಿ ಕೊಳ್ಳಿ. ತೂತಿನಲ್ಲಿ ದಪ್ಪ ಪಿನ್ ತೂರಿಸುವ ಬಗೆಯದ್ದು ನನಗೆ ಹೆಚ್ಚು ನಂಬಿಕೆಯದ್ದು. ಹಲ್ಲಿನ ಮೇಲೆ ಕೊಕ್ಕೆ ಕೂರುವ ಬಗೆಯಲ್ಲಿ ಕೊಕ್ಕೆ ಪೂರ್ತಿ ಕೂತಿದೆಯೇ ಎಂದು ಕಣ್ಣಾರೆ ನೋಡಲೇಬೇಕು. ಅಮೆರಿಕದಲ್ಲಿ 2020ರಲ್ಲಿ ಹಾರ್ಬರ್ ಫ್ರೈಟ್ ಕಂಪನಿ ಇಂಥ ಸ್ಟ್ಯಾಂಡ್‌ಗಳನ್ನು ಸುಮಾರು 17 ಲಕ್ಷದಷ್ಟು ವಾಪಸ್ ಕರೆಯಿತು. ಭಾರ ಬಿದ್ದಾಗ ಕೊಕ್ಕೆ ಹಲ್ಲಿನಿಂದ ಜಾರಬಹುದು ಎಂಬುದೇ ಅದಕ್ಕೆ ಕಾರಣ.

ಇನ್ನು ನೆಲ. ಸಡಾದಂಥ ಗುಡ್ಡದಲ್ಲಿ ಅಂಗಳ ಇಳಿಜಾರಾಗಿದ್ದರೆ ಅಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಗೆಳೆಯರದ್ದೋ ಪರಿಚಯದವರದ್ದೋ ಸಮತಟ್ಟಾದ ಸಿಮೆಂಟ್ ನೆಲ ಕೇಳಿ ಪಡೆಯಿರಿ. ಮಣ್ಣಿನ ನೆಲವಾದರೆ ಮಳೆಗಾಲ ಪೂರ್ತಿ ಬೇಡ. ಡಾಂಬರು ಬಿಸಿಲಿಗೆ ಮೆದುವಾಗಿ ಸ್ಟ್ಯಾಂಡಿನ ಕಾಲು ಕುಸಿಯುತ್ತದೆ, ಅಲ್ಲಿ ಅಡಿಗೆ 18 ಮಿಮೀ ಪ್ಲೈವುಡ್ ತುಂಡು ಹಾಕಿ. ಪೇವರ್ ಕಲ್ಲಿಗೂ ಹಾಗೆಯೇ. ಟ್ರಾಲಿ ಜಾಕ್ (ಚಕ್ರಗಳ ಮೇಲೆ ಉರುಳುವ ಹೈಡ್ರಾಲಿಕ್ ಜಾಕ್) ಬಳಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು: ಅದರ ತೋಳು ನೆಟ್ಟಗೆ ಮೇಲೇಳುವುದಿಲ್ಲ, ಕಮಾನಿನಂತೆ ಬಾಗುತ್ತ ಏರುತ್ತದೆ. ಹಾಗಾಗಿ ಏರಿಸುವಾಗ ಜಾಕ್ ತಾನೇ ಉರುಳಿ ಸರಿಯಬೇಕು. ಅದರ ಉಕ್ಕಿನ ಚಕ್ರ ಸಂದಿಯಲ್ಲಿ ಸಿಕ್ಕಿಕೊಂಡರೆ ತಲೆ ಜಾರಿ ಕಾರು ತಪ್ಪುತ್ತದೆ.

‘ಗೇರ್‌ನಲ್ಲಿ ಹಾಕಿದ್ದೇನೆ, ಕಾರು ಉರುಳುವುದಿಲ್ಲ’ ಎಂಬ ಧೈರ್ಯವೂ ಬೇಡ. ನಿಮ್ಮ ಕಾರಿನಲ್ಲಿ ಇಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನು. ಅದರಲ್ಲಿ ಒಂದು ಗಾಲಿ ನೆಲ ಬಿಟ್ಟರೆ ಸಾಕು, ಎರಡು ಗಾಲಿಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರ್ ಜೋಡಣೆ ಇರುವುದರಿಂದ ಎತ್ತಿದ ಗಾಲಿ ಉಲ್ಟಾ ತಿರುಗುತ್ತ, ನೆಲದ ಮೇಲಿರುವ ಗಾಲಿ ಉರುಳಿಬಿಡಬಹುದು. ಗೇರ್ ಆಗ ಹಿಡಿಯುವುದಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು, ಆದ್ದರಿಂದ ಹಿಂಬದಿಯನ್ನು ಪೂರ್ತಿ ಎತ್ತಿದಾಗ ಅದೂ ಕೆಲಸಕ್ಕೆ ಬಾರದು. ಮುಂದೆ ಎತ್ತುವಾಗ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಹಿಂದಿನ ಎರಡೂ ಗಾಲಿಗಳಿಗೆ ಎರಡೂ ಕಡೆಯಿಂದ ಮರದ ಬೆಣೆ ಕೊಡಿ.

ಬ್ರೇಕ್ ಪ್ಯಾಡ್ ಕೆಲಸಕ್ಕೆ ಹೀಗೆ ಮಾಡಿ. ಗಾಲಿ ನೆಲದ ಮೇಲಿರುವಾಗಲೇ ನಟ್‌ಗಳನ್ನು ತುಸು ಸಡಿಲಿಸಿ. ಗಾಳಿಯಲ್ಲಿದ್ದಾಗ ಪಾನಾ ಮೇಲೆ ಜೋರು ಹಾಕಿದರೆ ಕಾರೇ ಅಲುಗುತ್ತದೆ. ಜಾಕ್ ಎಲ್ಲಿ ಕೊಡಬೇಕೆಂಬುದು ಕಾರಿನ ಕೈಪಿಡಿಯಲ್ಲಿದೆ, ಕೊಡುವ ಮೊದಲು ಆ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಕಡಲ ಗಾಳಿಗೆ ತಗಡು ತುಕ್ಕು ಹಿಡಿದು ಟೊಳ್ಳಾಗಿದ್ದರೆ ಜಾಕ್ ಒಳಕ್ಕೆ ನುಗ್ಗುತ್ತದೆ. ಆಗ ಅಲ್ಲಿ ಎತ್ತಲೇಬೇಡಿ. ಅಂಚು ಗಟ್ಟಿಯಿದ್ದರೆ ಎತ್ತಿ, ಕೈಪಿಡಿ ತೋರಿಸುವ ಜಾಗದಲ್ಲಿ ಸ್ಟ್ಯಾಂಡ್ ಕೊಟ್ಟು, ಭಾರವನ್ನು ಅದರ ಮೇಲೆ ಇಳಿಸಿ. ಜಾಕ್ ಕೂಡ ತಾಗಿಕೊಂಡಿರಲಿ. ಬಿಚ್ಚಿದ ಗಾಲಿಯನ್ನು ಬಾಗಿಲಡಿಯ ಅಂಚಿನ ಕೆಳಗೆ ಮಲಗಿಸಿಡಿ. ಏನಾದರೂ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ. ಆಮೇಲೆ ಕಾರನ್ನು ಎರಡೂ ಕೈಯಿಂದ ತಳ್ಳಿ ನೋಡಿ. ಅಲುಗಿದರೆ ಇಳಿಸಿ ಮತ್ತೆ ಮೊದಲಿನಿಂದ ಮಾಡಿ. ಮಕ್ಕಳು ಹತ್ತಿರ ಸುಳಿಯದಿರಲಿ. ದೊಡ್ಡವರೊಬ್ಬರು ಜೊತೆಗಿರಲಿ, ಹೆಚ್ಚುಕಡಿಮೆಯಾದರೆ ಜಾಕ್ ಏರಿಸಲು, 108ಕ್ಕೆ ಫೋನ್ ಮಾಡಲು.

ಆಯಿಲ್ ಕೆಲಸವನ್ನು ರ್‍ಯಾಂಪ್ ಇರುವ ಸರ್ವಿಸಿಂಗ್ ಅಂಗಡಿಗೆ ಬಿಡಿ ಎಂಬುದೇ ನನ್ನ ಸಲಹೆ. ನಿಮಗೆ ಬೇಕಾದ ಆಯಿಲನ್ನು ನೀವೇ ಕೊಂಡೊಯ್ದು, ಎದುರಿಗೆ ನಿಂತು ಹಾಕಿಸಿಕೊಳ್ಳಬಹುದು.

ಪ್ಯಾಡ್ ಕೂತ ಮೇಲೆ ನಟ್‌ಗಳನ್ನು ಕೈಯಲ್ಲಿ ಬಿಗಿದು, ಕಾರು ಇಳಿಸಿ, ನೆಲದ ಮೇಲೆ ಎದುರುಬದುರು ನಟ್ ಹಿಡಿದು ಪೂರ್ತಿ ಬಿಗಿಯಿರಿ. ಹೊರಡುವ ಮುನ್ನ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ ಬಿಡಿ, ಹೊಸ ಪ್ಯಾಡ್ ಹಾಕಿದಾಗ ಮೊದಲ ಕೆಲವು ಸಲ ಪೆಡಲ್ ಸೀದಾ ಒಳಕ್ಕೆ ಹೋಗುತ್ತದೆ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ನಟ್‌ಗಳಿಗೆ ಮತ್ತೊಮ್ಮೆ ಪಾನಾ ಹಾಕಿ ನೋಡಿ.