‘ಎಷ್ಟು?’ ಅಂತ ಕೇಳಿ: ಮುಟ್ಟು, ಬಿಳಿ ಸೆರಗು, ಗರ್ಭಕೋಶದ ತೊಂದರೆಗಳ ಬಗ್ಗೆ ಅಧ್ಯಯನ ಟಿಪ್ಪಣಿ

ಹಳ್ಳಿ ಪೋಸ್ಟಿಂಗ್‌ಗೆ ಹೊರಟಿರುವ ನನ್ನ ನರ್ಸಿಂಗ್ ಗೆಳತಿಯರಿಗಾಗಿ ಈ ಟಿಪ್ಪಣಿ. ಪುಸ್ತಕದ ಪಟ್ಟಿಯನ್ನೇ ಮತ್ತೆ ಬರೆದಿಲ್ಲ. ಮನೆ ಬಾಗಿಲಲ್ಲಿ ಕೂತು ಒಬ್ಬ ಹೆಣ್ಣುಮಗಳ ಜೊತೆ ಮಾತಾಡುವಾಗ ಏನು ಕೇಳಬೇಕು, ಯಾವ ಉತ್ತರ ಬಂದರೆ ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಬೇಕು, ಅಷ್ಟೇ ಇಲ್ಲಿದೆ.

‘ಮುಟ್ಟು ಸರಿಯಾಗಿ ಆಗುತ್ತಾ?’ ಅಂತ ಕೇಳಿದರೆ ಹೆಚ್ಚಿನವರು ‘ಹ್ಞೂಂ, ಸರಿಯಾಗೇ ಆಗುತ್ತೆ’ ಅನ್ನುತ್ತಾರೆ. ನಮ್ಮ ಚಿಕ್ಕಮ್ಮನೂ ಎರಡು ವರ್ಷ ಇದೇ ಉತ್ತರ ಕೊಟ್ಟರು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರಲು ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 6.2. ಆಗ ಡಾಕ್ಟರ್ ಕೇಳಿದ್ದು ಬೇರೆ ಪ್ರಶ್ನೆ: ‘ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತಮ್ಮ?’ ಚಿಕ್ಕಮ್ಮ ತಕ್ಷಣ ಹೇಳಿದರು, ‘ಮೊದಲ ಮೂರು ದಿನ ಎರಡೆರಡು ಒಟ್ಟಿಗೆ ಇಟ್ಕೋತೀನಿ, ರಾತ್ರಿ ಎರಡು ಸಲ ಎದ್ದು ಬದಲಾಯಿಸ್ತೀನಿ.’ ಅವರು ಅಲ್ಲಿಯವರೆಗೆ ಸುಳ್ಳು ಹೇಳಿರಲಿಲ್ಲ. ರಕ್ತ ಸ್ವಲ್ಪ ಸ್ವಲ್ಪವಾಗಿ ಜಾಸ್ತಿಯಾಗಿದ್ದರಿಂದ ಅದೇ ಅಭ್ಯಾಸವಾಗಿತ್ತು. ಅದಕ್ಕೇ ‘ಸರಿ ಇದೆಯಾ’ ಅಂತ ಕೇಳಬೇಡಿ. ಎಷ್ಟು ದಿನ, ಎಷ್ಟು ಪ್ಯಾಡ್, ಎಷ್ಟು ತಿಂಗಳಿಂದ ಅಂತ ಕೇಳಿ.

ಮೊದಲು ಮಾತು ಅರ್ಥವಾಗಲಿ

ಮುಟ್ಟು ಅನ್ನುವ ಪದವನ್ನೇ ಬಳಸದವರು ತುಂಬಾ ಇದ್ದಾರೆ. ಹೊರಗಾದೆ, ಕಾಗೆ ಮುಟ್ಟಿದೆ, ಡೇಟ್ ಬಂತು ಅಂತ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ‘ಮುಟ್ಟು ನಿಂತಿದೆ’ ಅಂದರೆ ಬಸಿರೂ ಇರಬಹುದು, ಮುಟ್ಟು ಪೂರ್ತಿ ನಿಂತಿರುವುದೂ ಇರಬಹುದು. ಬಿಡಿಸಿ ಕೇಳಬೇಕು.

ಇನ್ನೊಂದು ತೊಡಕಿನ ಪದ ‘ಗಡ್ಡೆ’. ‘ಗಡ್ಡೆ ಗಡ್ಡೆ ಹೋಗುತ್ತೆ’ ಅಂದರೆ ಹೆಪ್ಪುಗಟ್ಟಿದ ರಕ್ತ. ‘ಗಡ್ಡೆ ಇದೆ’ ಅಂದರೆ ಸ್ಕ್ಯಾನ್‌ನಲ್ಲಿ ಕಂಡ ಫೈಬ್ರಾಯ್ಡ್, ಅಂದರೆ ಗರ್ಭಕೋಶದಲ್ಲಿ ಬೆಳೆದ, ಕ್ಯಾನ್ಸರ್ ಅಲ್ಲದ ಗಂಟು. ಎರಡನ್ನೂ ಕಲಸಿ ಬರೆದರೆ ಮುಂದಿನ ಡಾಕ್ಟರಿಗೆ ದಾರಿ ತಪ್ಪುತ್ತದೆ. ಕೊನೆಯ ಮುಟ್ಟಿನ ತಾರೀಖು ನೆನಪಿಲ್ಲದಿದ್ದರೆ ಹಬ್ಬ ಹಿಡಿದು ಕೇಳಿ: ಗೌರಿ ಹಬ್ಬಕ್ಕೆ ಮುಂಚೆನಾ, ಆಮೇಲಾ? ಹಾಗೆ ಕೇಳಿದರೆ ದಿನ ಸಿಗುತ್ತದೆ.

ಎಣಿಸುವುದು ಹೇಗೆ

ರಕ್ತ ಕಂಡ ಮೊದಲ ದಿನದಿಂದ ಮುಂದಿನ ಸಲ ರಕ್ತ ಕಾಣುವ ಮೊದಲ ದಿನದವರೆಗೆ ಒಂದು ಚಕ್ರ. ಎಷ್ಟೋ ಜನ ಮುಟ್ಟು ಮುಗಿದ ದಿನದಿಂದ ಎಣಿಸುತ್ತಾರೆ. ಆಗ 28 ದಿನದ ಚಕ್ರ 23 ದಿನ ಅಂತ ಕಾಣುತ್ತದೆ, ಸುಮ್ನೆ ಭಯಪಡುತ್ತಾರೆ. ಪರೀಕ್ಷೆಯಲ್ಲಿ ನಾವೂ ಇಲ್ಲೇ ತಪ್ಪುತ್ತೇವೆ.

ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ ಹೇಳುವ ಪ್ರಕಾರ, ದೊಡ್ಡವರಲ್ಲಿ ಚಕ್ರ 24ರಿಂದ 38 ದಿನದೊಳಗೆ ಇರಬೇಕು, ರಕ್ತ 8 ದಿನಕ್ಕಿಂತ ಜಾಸ್ತಿ ಹೋಗಬಾರದು. ಮೈನೆರೆದ ಮೊದಲ ಒಂದೆರಡು ವರ್ಷ ಹುಡುಗಿಯರಲ್ಲಿ ಏರುಪೇರು ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಒಂದು ಮುಟ್ಟಿಗೆ 80 ಮಿ.ಲೀ.ಗಿಂತ ಜಾಸ್ತಿ ರಕ್ತ ಹೋದರೆ ಅತಿಸ್ರಾವ ಅಂತ ಪುಸ್ತಕದಲ್ಲಿದೆ. ಮನೆಯಲ್ಲಿ ಯಾರು ಅಳೆಯುತ್ತಾರೆ? ಕೇಳಬೇಕಾದ್ದು ಇವು. ಗಂಟೆ, ಎರಡು ಗಂಟೆಗೇ ಪ್ಯಾಡ್ ನೆನೆಯುತ್ತದಾ? ರಾತ್ರಿ ಏಳಬೇಕಾಗುತ್ತದಾ? ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆ ಹೋಗುತ್ತದಾ? ಬಟ್ಟೆ ಬಳಸುವವರಿಗೆ ಪ್ಯಾಡ್ ಲೆಕ್ಕ ಬರುವುದಿಲ್ಲ. ಅವರನ್ನು ‘ದಿನಕ್ಕೆ ಎಷ್ಟು ಸಲ ಬದಲಾಯಿಸ್ತೀರಿ, ಸೀರೆಗೆ ಕಲೆ ಆಗುತ್ತಾ, ಆ ದಿನಗಳಲ್ಲಿ ಕೂಲಿಗೆ ಹೋಗೋದು ಬಿಡ್ತೀರಾ’ ಅಂತ ಕೇಳಿ. ಕೆಲಸ ಬಿಡುವಷ್ಟು ರಕ್ತ ಹೋದರೆ ಅದು ಜಾಸ್ತಿಯೇ. ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಂಡಿದ್ದಾರಾ ಅಂತಲೂ ಕೇಳಿ. ಅದರಿಂದಲೂ ರಕ್ತ ಜಾಸ್ತಿಯಾಗಬಹುದು.

ಇದಕ್ಕೂ ರಕ್ತಹೀನತೆಗೂ ನೇರ ಸಂಬಂಧ ಇದೆ. ಬಸಿರಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12 ಇರಬೇಕು, 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ನಾವು ಕಬ್ಬಿಣದ ಮಾತ್ರೆ ಕೊಡುತ್ತೇವೆ, ಕಾಫಿ-ಟೀ ಜೊತೆ ತಗೋಬೇಡಿ ಅನ್ನುತ್ತೇವೆ, ಮಲ ಕಪ್ಪಗಾದರೆ ಹೆದರಬೇಡಿ ಅನ್ನುತ್ತೇವೆ. ಎಲ್ಲ ಸರಿ. ಆದರೆ ರಕ್ತ ಎಲ್ಲಿ ಹೋಗುತ್ತಿದೆ ಅಂತ ನೋಡದೆ ಮಾತ್ರೆ ಕೊಡುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ನೋವು

ಮೊದಲ ಒಂದೆರಡು ದಿನ ಕಿಬ್ಬೊಟ್ಟೆ ನೋವು, ಸೊಂಟ ನೋವು ಸಾಮಾನ್ಯ. ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಯನ್ನು ಊಟದ ಮೇಲೆ, ನೋವು ಶುರುವಾದಾಗಲೇ ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇರುವವರು ಡಾಕ್ಟರನ್ನು ಕೇಳಿಯೇ ತಗೋಬೇಕು. ಪ್ರತಿ ತಿಂಗಳೂ ಕಾಲೇಜು ತಪ್ಪಿಸುವಂಥ ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟಿನಲ್ಲಿ ಮಲ ವಿಸರ್ಜನೆಗೆ ಕೂತಾಗ ಅಥವಾ ಗಂಡನ ಜೊತೆ ಸೇರಿದಾಗ ಬರುವ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಪದರ ಹೊರಗೆ ಬೆಳೆಯುವ ರೋಗ, ಇರಬಹುದು. ‘ಮದುವೆ ಆದ ಮೇಲೆ ಸರಿಹೋಗುತ್ತೆ’ ಅನ್ನುವ ಮಾತಿನಿಂದ ಎಷ್ಟೋ ಹುಡುಗಿಯರು ವರ್ಷಗಟ್ಟಲೆ ನೋವು ತಿನ್ನುತ್ತಾರೆ. ಆ ಮಾತು ನಮ್ಮ ಬಾಯಿಂದ ಬರಲೇಬಾರದು.

ವಯಸ್ಸಿನ ಗೆರೆಗಳು

15 ತುಂಬಿದರೂ ಮೈನೆರೆದಿಲ್ಲ: ತೋರಿಸಬೇಕು. ಆಗುತ್ತಿದ್ದ ಮುಟ್ಟು ಮೂರು ತಿಂಗಳು ಬಂದಿಲ್ಲ: ಮೊದಲು ಬಸಿರಿನ ಪರೀಕ್ಷೆ, ಆಮೇಲೆ ಥೈರಾಯ್ಡ್ ಮತ್ತು ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಕಡೆ ನೋಟ. ಗದ್ದದ ಮೇಲೆ ಕೂದಲು, ಕತ್ತಿನ ಹಿಂದೆ ಕಪ್ಪಾಗುವುದು ಇದ್ದರೆ ಅದನ್ನೂ ಬರೆದುಕೊಳ್ಳಿ. 40ಕ್ಕೆ ಮುಂಚೆ ಮುಟ್ಟು ನಿಂತುಹೋಗುತ್ತಿದೆ: ತೋರಿಸಬೇಕು.

ಇನ್ನು ಮುಟ್ಟು ಪೂರ್ತಿ ನಿಂತು 12 ತಿಂಗಳು ಕಳೆದವರು. ಆಮೇಲೆ ಒಂದು ತೊಟ್ಟು ರಕ್ತ ಕಂಡರೂ ಕಾಯುವ ಹಾಗಿಲ್ಲ. ‘ಮತ್ತೆ ಮುಟ್ಟಾದೆ’ ಅಂತ ಅಜ್ಜಿಯರು ನಗುತ್ತಾ ಹೇಳಿಬಿಡುತ್ತಾರೆ. ಬಹಳ ಸಲ ಕಾರಣ ಸಣ್ಣದೇ ಇರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಇದೇ. ಆ ವಾರವೇ ಕಳಿಸಿ.

ಬಿಳಿ ಸೆರಗು

ಚಕ್ರದ ನಡುವೆ ಮೊಟ್ಟೆಯ ಬಿಳಿಯಂತೆ ಲೋಳೆ ಹೋಗುವುದು ರೋಗವಲ್ಲ. ‘ಮೂಳೆ ಕರಗಿ ಹೋಗುತ್ತೆ’ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಮೂಳೆಗೂ ಇದಕ್ಕೂ ಸಂಬಂಧವಿಲ್ಲ ಅಂತ ನಿಧಾನವಾಗಿ ಹೇಳಿ, ಗದರಿಸಬೇಡಿ. ಬಣ್ಣ, ವಾಸನೆ, ತುರಿಕೆ ಬದಲಾಗಿದೆಯಾ ಅನ್ನುವುದೇ ಮುಖ್ಯ. ಮೊಸರು ಒಡೆದ ಹಾಗೆ, ಜೊತೆಗೆ ವಿಪರೀತ ತುರಿಕೆ ಇದ್ದರೆ ಕ್ಯಾಂಡಿಡಾ ಅನ್ನುವ ಶಿಲೀಂಧ್ರ. ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾ ಸೋಂಕು. ಹಳದಿ-ಹಸಿರು, ನೊರೆ ನೊರೆ ಇದ್ದರೆ ಲೈಂಗಿಕ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ಸೋಂಕು. ಇದು ಊಹೆಗೆ ದಾರಿ ಮಾತ್ರ, ಪರೀಕ್ಷೆ ಆಗಲೇಬೇಕು. ಯೋನಿಯ ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯುವವರು ಇದ್ದಾರೆ. ಅಲ್ಲಿನ ಆಮ್ಲೀಯ ಗುಣವನ್ನು ಕಾಯುವುದು ಲ್ಯಾಕ್ಟೊಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ. ತೊಳೆದರೆ ಕಾಯುವವರೇ ಹೋಗುತ್ತಾರೆ, ಸೋಂಕು ಜಾಸ್ತಿಯಾಗುತ್ತದೆ. ಹೊರಗೆ ಬರೀ ನೀರು ಸಾಕು.

ಹಬ್ಬ, ಮದುವೆ, ಯಾತ್ರೆಗೆ ಅಂತ ಮುಟ್ಟು ಮುಂದೂಡುವ ಮಾತ್ರೆಯ ಬಗ್ಗೆಯೂ ಕೇಳುತ್ತಾರೆ. ಅದು ನೊರೆಥಿಸ್ಟಿರಾನ್ ಅನ್ನುವ ಹಾರ್ಮೋನ್. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು, ಲಿವರ್ ತೊಂದರೆ ಇರುವವರು ತಗೋಬಾರದು. ಮೆಡಿಕಲ್ ಸ್ಟೋರಿಗೆ ಮಗನನ್ನು ಕಳಿಸಿ ತರಿಸುವ ಮಾತ್ರೆ ಅದಲ್ಲ.

ಗರ್ಭಕೋಶದ ಬಾಯಿ

ಭಾರತದ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚಾಗಿ ಕಾಣುವುದು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್. ಇದು ಎಚ್‌ಪಿವಿ ವೈರಸ್ಸಿನಿಂದ ಬರುತ್ತದೆ. ಅದರಲ್ಲೂ ಆ ವೈರಸ್ಸಿನ 16 ಮತ್ತು 18ನೇ ಬಗೆಗಳಿಂದಲೇ ಸುಮಾರು ಶೇ 70ರಷ್ಟು ಬರುತ್ತದೆ. ಎಚ್‌ಪಿವಿ ಲಸಿಕೆಯನ್ನು 9ರಿಂದ 14 ವಯಸ್ಸಿನಲ್ಲಿ ಕೊಟ್ಟರೆ ಹೆಚ್ಚು ಫಲ. ಪುಣೆಯ ಸೀರಂ ಸಂಸ್ಥೆಯ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂತು.

30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಪರೀಕ್ಷೆ ಮಾಡಬೇಕು ಅಂತ ನಮ್ಮ ರಾಷ್ಟ್ರೀಯ ಕಾರ್ಯಕ್ರಮ ಹೇಳುತ್ತದೆ. ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು ಬೆಳಕಿನಲ್ಲಿ ನೋಡುವುದು, ಅಷ್ಟೇ. ಅನುಮಾನ ಇರುವ ಜಾಗ ಬೆಳ್ಳಗಾಗುತ್ತದೆ. ಇಷ್ಟು ಸುಲಭದ ಪರೀಕ್ಷೆ, ಆದರೂ ಅದೇ 2019-21ರ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಓದುವಾಗ ನನಗೆ ತುಂಬಾ ಬೇಜಾರಾದ ಸಂಖ್ಯೆ ಇದು. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುತ್ತದಾ ಅಂತ ಕೇಳಲು ನಾಚಿಕೆ ಆಗುತ್ತದೆ, ಅಲ್ವಾ? ಮನೆಯವರಿಂದ ದೂರ ಕರೆದುಕೊಂಡು ಹೋಗಿ ಕೇಳಿ. ಹೌದು ಅಂದರೆ ಕಳಿಸಲೇಬೇಕು.

‘ತೆಗೆಸಿಬಿಡಿ’

ಈ ಭಾಗವನ್ನು ಎರಡು ಸಲ ಓದಿ. ರಕ್ತ ಜಾಸ್ತಿ, ಬಿಳಿ ಸೆರಗು, ಸೊಂಟ ನೋವು ಅಂತ ಹೋದವರಿಗೆ ‘ಮಕ್ಕಳಾಗಿದ್ದಾವಲ್ಲ, ಗರ್ಭಕೋಶ ತೆಗೆಸಿಬಿಡಿ, ಇಲ್ಲಾಂದ್ರೆ ಕ್ಯಾನ್ಸರ್ ಆಗುತ್ತೆ’ ಅನ್ನುವವರು ಇದ್ದಾರೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಎಷ್ಟೋ ಹೆಣ್ಣುಮಕ್ಕಳ ಗರ್ಭಕೋಶ ಚಿಕ್ಕ ವಯಸ್ಸಿಗೇ ತೆಗೆಸಿದ್ದು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಆ ಜಿಲ್ಲೆಯ ಕಬ್ಬಿನ ಗುಂಪುಗಳು ಕರ್ನಾಟಕದ ಹೊಲಗಳಿಗೂ ಬರುತ್ತವೆ. ಬೇಡದ ಈ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು.

ಆಪರೇಷನ್ನೇ ಬೇಡ ಅಂತಲ್ಲ. ಕ್ಯಾನ್ಸರ್ ಇದ್ದರೆ, ಗರ್ಭಕೋಶ ಪೂರ್ತಿ ಜಾರಿದ್ದರೆ, ಔಷಧಿಗೆ ಬಗ್ಗದ ದೊಡ್ಡ ಫೈಬ್ರಾಯ್ಡ್ ಇದ್ದರೆ ಬೇಕಾಗಬಹುದು. ಆದರೆ ಬಿಳಿ ಸೆರಗಿಗೆ ಅದು ಮದ್ದಲ್ಲ. ಅತಿಸ್ರಾವಕ್ಕೆ ಮೊದಲು ರಕ್ತ ತಗ್ಗಿಸುವ ಟ್ರನೆಕ್ಸಾಮಿಕ್ ಆಸಿಡ್, ಹಾರ್ಮೋನ್ ಮಾತ್ರೆ, ಹಾರ್ಮೋನ್ ಇರುವ ವಂಕಿ (ಕಾಪರ್-ಟಿಯಂತಲ್ಲ, ಇದು ರಕ್ತ ಕಡಿಮೆ ಮಾಡುತ್ತದೆ), ಹೀಗೆ ದಾರಿಗಳಿವೆ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಆ ದಿನದಿಂದಲೇ ಮುಟ್ಟು ನಿಂತವರ ಸ್ಥಿತಿ ಬರುತ್ತದೆ. ಮೈ ಬಿಸಿಯೇರುವುದು, ಮೂಳೆ ಸವೆತ ಎಲ್ಲ ಬೇಗ ಶುರುವಾಗುತ್ತದೆ. ಯಾರಾದರೂ ‘ತೆಗೆಸು ಅಂದಿದ್ದಾರೆ’ ಅಂತ ಹೇಳಿದರೆ ಮೂರು ಪ್ರಶ್ನೆ ಕಲಿಸಿ: ರೋಗದ ಹೆಸರೇನು? ಬೇರೆ ಔಷಧಿ ನೋಡಿದ್ದೀರಾ? ಅಂಡಾಶಯ ಉಳಿಸ್ತೀರಾ? ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಲು ಹೇಳಿ.

ಕಾಯದೆ 108ಕ್ಕೆ ಕರೆ ಮಾಡಬೇಕಾದ್ದು

ಮುಟ್ಟು ತಪ್ಪಿದೆ, ಹೊಟ್ಟೆಯ ಒಂದು ಬದಿ ಜೋರು ನೋವು, ತಲೆಸುತ್ತು ಅಥವಾ ಭುಜ ನೋವು: ಗರ್ಭನಾಳದಲ್ಲಿ ಬಸಿರು ನಿಂತು ಒಡೆದಿರಬಹುದು. ಗಂಟೆಗೊಂದು ಪ್ಯಾಡ್ ನೆನೆಯುತ್ತಾ ಕಣ್ಣು ಕತ್ತಲೆ ಬರುವುದು. ಹೆರಿಗೆ ಅಥವಾ ಗರ್ಭಪಾತದ ನಂತರ ಜ್ವರ, ಕೆಟ್ಟ ವಾಸನೆಯ ಸ್ರಾವ. ಬಸಿರಿನಲ್ಲಿ ಯಾವಾಗ ರಕ್ತ ಕಂಡರೂ ಆ ದಿನವೇ ಆಸ್ಪತ್ರೆ.

ಡಾಕ್ಟರ್ ಹತ್ತಿರ ಹೋದರೆ ಏನಾಗುತ್ತದೆ

ಹೆಚ್ಚಿನವರು ಹೋಗದಿರುವುದು ‘ಒಳಗೆ ಪರೀಕ್ಷೆ ಮಾಡ್ತಾರೆ’ ಅನ್ನುವ ಭಯಕ್ಕೆ. ಮೊದಲು ಮಾತು, ಬಿಪಿ, ರಕ್ತ ಪರೀಕ್ಷೆ ಇರುತ್ತದೆ. ಹೊಟ್ಟೆಯ ಮೇಲಿನ ಸ್ಕ್ಯಾನ್‌ಗೆ ನೀರು ಕುಡಿದು ಮೂತ್ರ ತುಂಬಿಸಿಕೊಂಡು ಹೋಗಬೇಕು. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಅಷ್ಟೇ ಸಾಕಾಗುತ್ತದೆ. ಒಳಪರೀಕ್ಷೆ ಬೇಕಾದರೆ ಮೊದಲು ಒಪ್ಪಿಗೆ ಕೇಳಬೇಕು, ಜೊತೆಗೆ ಒಬ್ಬ ಹೆಂಗಸು ಇರಬೇಕು. ನೋವಾದರೆ ನಿಲ್ಲಿಸಿ ಅನ್ನಬಹುದು. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ ಇದೆ.

ಹೋಗುವಾಗ ಕೊನೆಯ ಮೂರು ತಿಂಗಳ ತಾರೀಖು, ಪ್ಯಾಡ್ ಲೆಕ್ಕ, ತಗೊಳ್ಳುತ್ತಿರುವ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಲಿ. ಚಿಕ್ಕಮ್ಮ ಎರಡನೇ ಸಲ ಹೋದಾಗ ಅಡುಗೆಮನೆಯ ಕ್ಯಾಲೆಂಡರನ್ನೇ ಸುತ್ತಿ ತಗೊಂಡು ಹೋದರು. ಹಾಲಿನ ಲೆಕ್ಕದ ಪಕ್ಕದಲ್ಲಿ, ಅದೇ ಪೆನ್ಸಿಲಿನಲ್ಲಿ, ದಿನಕ್ಕೆಷ್ಟು ಪ್ಯಾಡ್ ಅಂತ ಬರೆದಿದ್ದರು. ಮೊದಲ ತಿಂಗಳು ಎಂಟು, ಒಂಬತ್ತು. ಹಾರ್ಮೋನ್ ವಂಕಿ ಹಾಕಿಸಿದ ನಾಲ್ಕನೇ ತಿಂಗಳಿಗೆ ಎರಡು, ಮೂರು. ಡಾಕ್ಟರ್ ಸ್ಕ್ಯಾನ್ ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಅದನ್ನೇ ನೋಡಿದರು.